ಗುಳ ಹರಿತ ಮಾಡಿಸಲು ಯಾರ ಊರಿಗೆ ಹೋಗಬೇಕು?

ಹಿಂದೆ ಕೂತವರು ಸ್ವಲ್ಪ ಮುಂದೆ ಬರ್ರಿ, ಫ್ಯಾನಿನ ಸದ್ದಿಗೆ ನನ್ನ ಮಾತು ಕೇಳ್ಸಲ್ಲ. ಸತ್ಯವೇದ ತೆಗೆಯೋಣ. ಪುಸ್ತಕ ತಂದವರು ಪುಸ್ತಕದಲ್ಲಿ, ಮೊಬೈಲ್ ತಂದವರು ಮೊಬೈಲಲ್ಲಿ. ಇವತ್ತು ಯಾರನ್ನೂ ಬೈಯೋದಿಲ್ಲ, ಹೆದರಬೇಡಿ. ಒಂದನೇ ಸಮುವೇಲ, 13ನೇ ಅಧ್ಯಾಯ, 19ರಿಂದ 22ನೇ ವಚನ.

ಈ ನಾಲ್ಕು ವಚನಗಳ ಮೇಲೆ ಪ್ರಸಂಗ ಕೇಳಿದವರು ಬಹಳ ಕಡಿಮೆ. ಸೌಲನು ಕಾಯದೆ ಬಲಿ ಅರ್ಪಿಸಿದ್ದನ್ನು ಓದುತ್ತೇವೆ, ಆಮೇಲೆ ಸೀದಾ 14ನೇ ಅಧ್ಯಾಯದ ಯೋನಾತಾನನ ಸಾಹಸಕ್ಕೆ ಜಿಗಿದುಬಿಡುತ್ತೇವೆ. ನಡುವೆ ಇರೋದು ಏನು? ಇಸ್ರಾಯೇಲ್ ದೇಶದಲ್ಲೆಲ್ಲಾ ಒಬ್ಬ ಕಮ್ಮಾರನೂ ಇರಲಿಲ್ಲ. ಇವರು ಕತ್ತಿ ಭರ್ಜಿ ಮಾಡಿಕೊಂಡಾರು ಅಂತ ಫಿಲಿಷ್ಟಿಯರು ಹಾಗೆ ನೋಡಿಕೊಂಡಿದ್ದರು. ಆದ್ದರಿಂದ ನೇಗಿಲ ಗುಳ, ಗುದ್ದಲಿ, ಕೊಡಲಿ, ಯಾವುದನ್ನು ಹರಿತ ಮಾಡಿಸಬೇಕಾದರೂ ಇಸ್ರಾಯೇಲ್ಯನು ಫಿಲಿಷ್ಟಿಯರ ಊರಿಗೆ ಇಳಿದು ಹೋಗಬೇಕಿತ್ತು. ಎಷ್ಟು ಕೊಡಬೇಕು ಅನ್ನೋದನ್ನೂ ಬರೆದಿದ್ದಾರೆ. ಗುಳಕ್ಕೆ ಒಂದು ‘ಪಿಮ್’.

ಈ ಪಿಮ್ ಅನ್ನೋ ಪದ ಸತ್ಯವೇದದಲ್ಲಿ ಬೇರೆಲ್ಲೂ ಬರೋದಿಲ್ಲ. 1611ರ ಇಂಗ್ಲಿಷ್ ಭಾಷಾಂತರದವರು ಅದನ್ನು ಅರ ಅಂತ ಮಾಡಿಬಿಟ್ಟರು. ಕಬ್ಬಿಣ ಉಜ್ಜುವ ಅರ. ಆಮೇಲೆ ಭೂಮಿ ಅಗೆಯುವಾಗ ಇದೇ ಅಕ್ಷರ ಕೆತ್ತಿದ ಸಣ್ಣ ಸಣ್ಣ ತೂಕದ ಕಲ್ಲುಗಳು ಸಿಕ್ಕವು, ಎಂಟು ಗ್ರಾಮಿಗೂ ಸ್ವಲ್ಪ ಕಡಿಮೆ, ಶೇಕೆಲಿನ ಮೂರರಲ್ಲಿ ಎರಡು ಪಾಲು. ಆಗ ತಿಳೀತು, ಇದು ರೇಟು! ಒಂದು ಗುಳಕ್ಕೆ ಅಷ್ಟು ಬೆಳ್ಳಿ. ಒಕ್ಕಲುತನ ಮಾಡೋರು ಇಲ್ಲಿ ಬೇಕಾದಷ್ಟು ಜನ ಇದ್ದೀರಿ. ಪ್ರತಿ ಸಲ ಕುಡ ಮೊಂಡಾದಾಗ ಬೆಳ್ಳಿ ತೂಗಿ ಕೊಡಬೇಕು ಅಂದ್ರೆ ಹೇಗಿರುತ್ತೆ, ಲೆಕ್ಕ ಹಾಕ್ರಿ.

ಇಲ್ಲಿ ಒಂದು ಸೂಕ್ಷ್ಮ ಐತಿ. ಆ ಕಾಲಕ್ಕೆ ಕಬ್ಬಿಣವೇ ಹೊಸ ಟೆಕ್ನಾಲಜಿ. ತಾಮ್ರ, ಕಂಚು ಹಳೇದು. ಫಿಲಿಷ್ಟಿಯರು ಇಸ್ರಾಯೇಲ್ಯರ ಗುಳವನ್ನು ಕಿತ್ತುಕೊಳ್ಳಲಿಲ್ಲ, ಹೊಲ ಊಳಬೇಡಿ ಅನ್ನಲಿಲ್ಲ. ಉಪಕರಣ ಇಟ್ಟುಕೊಳ್ರಿ, ಚೆನ್ನಾಗಿ ಬಳಸ್ರಿ, ಆದ್ರೆ ಕುಲುಮೆ ಮಾತ್ರ ನಮ್ಮ ಹತ್ತಿರ ಇರ್ತದೆ, ಅಷ್ಟೇ. ಗುಳ ಇವನ ಹೆಗಲ ಮೇಲೆ, ಬೆಂಕಿ ಮತ್ತು ಸುತ್ತಿಗೆ ಅವನ ಊರಲ್ಲಿ.

ಯೌವನಸ್ಥರ ಕೂಟದಲ್ಲಿ ಒಬ್ಬ ತಮ್ಮ ಕೇಳಿದ: “ಅಯ್ಯಗಾರೇ, ಹೊಸ ಹೊಸ ಸಾಮಾನು ಬರ್ತಾನೇ ಇರ್ತಾವೆ. ನಿಜವಾಗ್ಲೂ ಅವು ಹಳೇದಕ್ಕಿಂತ ಒಳ್ಳೇವಾ? ಅಥವಾ ನಮಗೆ ಹಾಗೆ ಅನ್ನಿಸ್ತಾ ಐತಾ?” ಅಲ್ಲೇ ಕೂತಿದ್ದ ಹಿರಿಯರೊಬ್ಬರು ತಕ್ಷಣ, “ಹಳೇದೇ ಬಂಗಾರ ಕಣಪ್ಪ” ಅಂದರು. ಅವರು ಇವತ್ತೂ ಬಂದಿದ್ದಾರೆ, ನಗ್ತಾ ಇದ್ದಾರೆ ನೋಡ್ರಿ. ಮೊದಲು ಅವರ ಮಾತನ್ನೇ ತೂಗಿ ನೋಡೋಣ.

ಒರಳುಕಲ್ಲಿನ ಚಟ್ನಿ ಮಿಕ್ಸಿ ಚಟ್ನಿಗಿಂತ ರುಚಿ. ಸರಿ, ಒಪ್ಪಿದೆ. ಆದರೆ ಈ ಮಾತು ಹೇಳೋರು ಯಾರು? ನಾನು ಕೇಳಿದ ಮಟ್ಟಿಗೆ ಎಲ್ಲರೂ ಗಂಡಸರೇ. ಒರಳು ತಿರುವಿದ ಅಮ್ಮಂದಿರಲ್ಲಿ ಒಬ್ಬರಾದರೂ ಮಿಕ್ಸಿ ವಾಪಸ್ ಕೊಟ್ಟಿದ್ದನ್ನು ನಾನು ನೋಡಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಬೀಸುಕಲ್ಲಿನ ಮುಂದೆ ಕೂತ ತಾಯಂದಿರ ಭುಜದ ನೋವನ್ನು ಲೆಕ್ಕಕ್ಕೆ ತಗೊಳ್ಳದೆ ಹಳೇದು ಬಂಗಾರ ಅನ್ನೋದು ಸುಲಭ. ಸೌದೆ ಒಲೆಯೂ ಹಾಗೇ. ಅದರ ಹೊಗೆ ಯಾರ ಕಣ್ಣಿಗೆ, ಯಾರ ಎದೆಗೆ ಹೋಯಿತು ಅಂತ ಎಲ್ಲರಿಗೂ ಗೊತ್ತು.

ಇನ್ನು ಕಂಪ್ಲಿ ಕಡೆಯವರನ್ನು ಕೇಳ್ರಿ. ಜಲಾಶಯದಿಂದ ಹೊಳೆಗೆ ಜಾಸ್ತಿ ನೀರು ಬಿಟ್ಟರೆ ಕಂಪ್ಲಿಯಿಂದ ಗಂಗಾವತಿಗೆ ಹೋಗೋ ಸೇತುವೆ ಮುಳುಗ್ತದೆ. ಹಿಂದೆ ಡಂಗುರ ಸಾರುತ್ತಿದ್ದರು. ಡಂಗುರದವನು ಓಣಿಗೆ ಬರೋದ್ರೊಳಗೆ ನೀರೇ ಬಂದರೆ? ಈಗ ನೀರು ಬಿಡೋ ಮುಂಚೆಯೇ ಮೊಬೈಲಿಗೆ ಸುದ್ದಿ ಬರ್ತದೆ, ಮೋಟರು ಎತ್ತಿಕೊಳ್ತಾರೆ, ದನ ಬಿಚ್ಚಿಕೊಳ್ತಾರೆ. ಇದನ್ನು ಒಳ್ಳೇದಲ್ಲ ಅಂತ ಹೇಳೋಕೆ ನನ್ನ ಬಾಯಿ ಬರೋದಿಲ್ಲ.

ನಮ್ಮ ಕೈಯಲ್ಲಿರೋ ಸತ್ಯವೇದದ ಕಥೆಯೂ ಅದೇ. ಜಾನ್ ಹ್ಯಾಂಡ್ಸ್ ಅನ್ನೋ ಲಂಡನ್ ಮಿಷನ್‌ನವರು 1810ರಲ್ಲಿ ಬಳ್ಳಾರಿಗೆ ಬಂದರು. ಕನ್ನಡ ಕಲಿತು, ತರ್ಜುಮೆ ಮಾಡಿ, ತಿದ್ದಿ, 1830ರ ದಶಕದ ಆರಂಭದ ಹೊತ್ತಿಗೆ ಇಡೀ ಸತ್ಯವೇದ ಕನ್ನಡದಲ್ಲಿ ಅಚ್ಚಾಗುವಂತೆ ಮಾಡಿದರು. ಇಲ್ಲೇ, ನಮ್ಮ ಪಕ್ಕದ ಬಳ್ಳಾರಿಯಲ್ಲಿ. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಮಂಗಳೂರಲ್ಲಿ ಮೊದಲ ಕನ್ನಡ ಪತ್ರಿಕೆ ಶುರು ಮಾಡಿದಾಗ ಅದನ್ನು ಕಲ್ಲಚ್ಚಿನಲ್ಲಿ ಒತ್ತುತ್ತಿದ್ದರು. ಬಳ್ಳಾರಿಯಲ್ಲಿ ಮೊಳೆ ಜೋಡಿಸೋ ಅಚ್ಚುಕೂಟ ಇತ್ತು, ಅಕ್ಷರ ಚೊಕ್ಕ ಬರ್ತಿತ್ತು. ಮುಂದಿನ ವರ್ಷ ಆ ಪತ್ರಿಕೆ ಮುದ್ರಣಕ್ಕೆ ಇಲ್ಲಿಗೇ ಬಂತು. ಅವರು ಯಾರೂ ತಾಳೆಗರಿಯೇ ಸಾಕು, ಕಲ್ಲಚ್ಚೇ ಸಾಕು ಅನ್ನಲಿಲ್ಲ.

ಈಗ ಮೊಬೈಲಿನಲ್ಲಿ ವಾಕ್ಯವನ್ನು ಓದಿ ಕೇಳಿಸ್ತಾರೆ. ನಮ್ಮ ಸಭೆಯಲ್ಲಿ ಅಕ್ಷರ ಕಲಿಯೋ ಅವಕಾಶವೇ ಸಿಗದ ಅಜ್ಜಿಯರು ಇದ್ದಾರೆ. ಭತ್ತದ ಕಳೆ ತೆಗೀತಾ, ಸೆರಗಿನ ಗಂಟಲ್ಲಿ ಫೋನ್ ಇಟ್ಟುಕೊಂಡು ರೂತಳ ಪುಸ್ತಕ ಪೂರ್ತಿ ಕೇಳಿ ಮುಗಿಸಿದವರು ಇದ್ದಾರೆ. ಪುಸ್ತಕ ಹಿಡಿದವನೇ ಭಕ್ತ, ಮೊಬೈಲ್ ಹಿಡಿದವನು ಅರೆ ಭಕ್ತ ಅಂತ ಯಾರಾದರೂ ಅಂದರೆ ಆ ಅಜ್ಜಿ ಮುಂದೆ ಬಂದು ಹೇಳಲಿ.

ಇಷ್ಟಕ್ಕೆ ಹುಡುಗರು ಖುಷಿಯಾಗಿದ್ದೀರಿ. ತಾಳ್ರಿ.

ಹಂಪಿಯಿಂದ ತಳವಾರಘಟ್ಟಕ್ಕೆ ಹೋಗಿ ಹೊಳೆ ದಂಡೆ ಮೇಲೆ ನಿಂತರೆ ಆಚೆ ಆನೆಗೊಂದಿ. ಸುಮಾರು 1520ರಲ್ಲಿ ಪೋರ್ಚುಗೀಸಿನ ದೊಮಿಂಗೊ ಪಾಯಸ್ ವಿಜಯನಗರ ನೋಡಲು ಬಂದಾಗ ಜನ ದುಂಡನೆಯ ದೋಣಿಗಳಲ್ಲಿ ಹೊಳೆ ದಾಟೋದನ್ನು ನೋಡಿ ಬರೆದಿಟ್ಟಿದ್ದಾನೆ. ಬುಟ್ಟಿಯ ಹಾಗೆ ಹೆಣೆದದ್ದು, ಹೊರಗೆ ಚರ್ಮದ ಹೊದಿಕೆ, ಹದಿನೈದು ಇಪ್ಪತ್ತು ಜನ ಕೂರ್ತಾರೆ, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸ್ತಾರೆ ಅಂತ. ನಮ್ಮ ಹರಿಗೋಲೇ ಅದು! ಐನೂರು ವರ್ಷ ಆಯ್ತು, ಆಕಾರ ಬದಲಾಗಿಲ್ಲ. ಬದಲಾಗಿದ್ದು ಹೊದಿಕೆ. ಈಗ ಚರ್ಮ ಇಲ್ಲ, ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರು.

ಆ ಚರ್ಮ ಹೋಯ್ತಲ್ಲ ಅಂತ ನಾನು ಅಳೋದಿಲ್ಲ. ಯಾಕಂದ್ರೆ ಆ ಚರ್ಮ ಹದ ಮಾಡಿದವರನ್ನು ಊರು ಹೊರಗೇ ಇಟ್ಟಿತ್ತು. ಅವರು ಮಾಡಿದ ಹರಿಗೋಲಲ್ಲಿ ಎಲ್ಲರೂ ಕೂತರು, ಅವರ ಪಕ್ಕದಲ್ಲಿ ಮಾತ್ರ ಯಾರೂ ಕೂರಲಿಲ್ಲ. ಹಳೇ ಕಾಲದ್ದು ಸರಳ, ಹಳೇ ಕಾಲದ್ದು ಚಂದ ಅನ್ನುವಾಗ ಇದೂ ನೆನಪಿರಲಿ. ಕಮ್ಮಾರನಿಗೆ, ಬಡಿಗನಿಗೆ ಸುಗ್ಗಿಯಲ್ಲಿ ಆಯ ಅಳೆದು ಕೊಡ್ತಿದ್ದರು, ಪಿಮ್ ಲೆಕ್ಕ ಇರಲಿಲ್ಲ, ಒಳ್ಳೇ ಪದ್ಧತಿ ಅಂತಾರೆ. ಹೌದು. ಆ ಆಯ ತಗೊಳ್ಳೋಕೆ ಕಣದ ಒಳಗೆ ಬಂದು ನಿಂತವರು ಯಾರು, ಕಣದ ಅಂಚಿಗೆ ನಿಂತವರು ಯಾರು, ಅದನ್ನು ನಮ್ಮ ಅಜ್ಜಂದಿರು ಹೇಳ್ತಿದ್ದರು.

ಆದರೂ ಹರಿಗೋಲಿನಿಂದ ಕಲಿಯೋದು ಐತಿ. ಅದಕ್ಕೆ ತೂತು ಬಿದ್ದರೆ ಏನು ಮಾಡ್ತಾರೆ? ದಂಡೆಗೆ ಎಳೆದು ಬೋರಲು ಹಾಕ್ತಾರೆ, ಡಾಂಬರು ಕಾಯಿಸಿ ತೇಪೆ ಹಾಕ್ತಾರೆ, ಒಣಗಿದ ಮೇಲೆ ನೀರಿಗೆ ಬಿಡ್ತಾರೆ. ಬಿದಿರು ಮುರಿದರೆ ಬಿದಿರು ಸೇರಿಸ್ತಾರೆ. ಯಾವ ದೂರದ ಕಂಪನಿಗೂ ಫೋನ್ ಮಾಡಬೇಕಾಗಿಲ್ಲ. ಅದೇ ಜಾಗದಲ್ಲಿ ದೊಡ್ಡ ಸೇತುವೆ ಕಟ್ಟುತ್ತಿದ್ದಾಗ 2009ರ ಜನವರಿಯಲ್ಲಿ ಕುಸಿದುಬಿತ್ತು, ದುಡಿಯೋಕೆ ಬಂದ ಬಡವರು ಸತ್ತರು. ಕಂಬಗಳು ಹೊಳೆಯಲ್ಲಿ ನಿಂತವು, ಜನ ಮತ್ತೆ ಹರಿಗೋಲು ಹತ್ತಿದರು. ಸೇತುವೆ ಬೇಡ ಅಂತಲ್ಲ. ಆಮೇಲೆ ಬುಕ್ಕಸಾಗರದ ಹತ್ತಿರ ಕಡೇಬಾಗಿಲಿಗೆ ಸೇತುವೆ ಬಂತು, ಬಾಣಂತಿಯನ್ನು ರಾತ್ರಿ ಆಸ್ಪತ್ರೆಗೆ ಕರೆದೊಯ್ಯೋಕೆ ಹರಿಗೋಲಿಗಿಂತ ಅದು ಸಾವಿರ ಪಾಲು ಮೇಲು. ನಾನು ಹೇಳೋದು ಇಷ್ಟು. ಹರಿಗೋಲು ಕೆಟ್ಟಾಗ ಅದರ ಕುಲುಮೆ ಅದೇ ದಂಡೆ ಮೇಲೆ ಇತ್ತು.

ಸಂಡೂರಿನ ಲಂಬಾಣಿ ಅಕ್ಕಂದಿರ ಸೂಜಿಯೂ ಅಂಥದ್ದೇ. ಯಂತ್ರದ ಕಸೂತಿ ಒಂದು ತಾಸಿಗೆ ಮಾಡೋದನ್ನು ಕೈ ಎಷ್ಟೋ ದಿನ ಮಾಡ್ತದೆ. ಆದರೂ 2023ರ ಜುಲೈನಲ್ಲಿ ಹಂಪಿಗೆ ಜಿ20 ದೇಶಗಳ ಪ್ರತಿನಿಧಿಗಳು ಬಂದಾಗ ಅವರ ಮುಂದೆ ಇಟ್ಟಿದ್ದು ಯಂತ್ರದ್ದಲ್ಲ. ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಮಹಿಳೆಯರ ಕೈಕೆಲಸ, 1,755 ತುಣುಕುಗಳು, ಗಿನ್ನೆಸ್ ದಾಖಲೆ ಆಯ್ತು. ಸೂಜಿ ಮುರಿದರೆ ಸಂತೆಯಲ್ಲಿ ಇನ್ನೊಂದು ಸಿಗ್ತದೆ. ಕಲೆ ಬೆರಳಲ್ಲೇ ಇರೋದರಿಂದ ಅದನ್ನು ಯಾರೂ ಬೀಗ ಹಾಕಿ ಇಟ್ಟುಕೊಳ್ಳೋಕೆ ಆಗಲ್ಲ.

ಈಗ ಫೋನಿಗೆ ಬರ್ತೀನಿ. 2003ರಲ್ಲಿ ನೋಕಿಯಾ 1100 ಬಂತು. ನಮ್ಮಂಥ ದೇಶಗಳನ್ನೇ ಮನಸ್ಸಲ್ಲಿ ಇಟ್ಟುಕೊಂಡು ಮಾಡಿದ್ದು. ಧೂಳು ಹೋಗದ ಹಾಗೆ ಬಟನ್ ಮೇಲೆ ಹೊದಿಕೆ, ಕರೆಂಟ್ ಹೋದರೆ ಟಾರ್ಚ್. ಜಗತ್ತಿನಲ್ಲಿ 25 ಕೋಟಿಯಷ್ಟು ಮಾರಾಟವಾದ ಫೋನ್ ಅದು. ಅದಿರಿನ ಧೂಳಲ್ಲಿ ಲಾರಿ ಓಡಿಸಿದ ಅಣ್ಣಂದಿರಿಗೆ ಅದರ ಬೆಲೆ ಗೊತ್ತು. ಬ್ಯಾಟರಿ ಸತ್ತರೆ ಉಗುರಲ್ಲಿ ಹಿಂದಿನ ಮುಚ್ಚಳ ತೆಗೆದು ಬೇರೆ ಹಾಕ್ತಿದ್ದರು. ಈಗಿನ ಫೋನು ಅದಕ್ಕಿಂತ ನೂರು ಕೆಲಸ ಜಾಸ್ತಿ ಮಾಡ್ತದೆ, ಸುಳ್ಳಲ್ಲ. ಆದರೆ ಬ್ಯಾಟರಿಯನ್ನು ಅಂಟು ಹಾಕಿ ಒಳಗೆ ಮುಚ್ಚಿರ್ತಾರೆ. ಉಗುರಿಗೆ ಅಲ್ಲಿ ಕೆಲಸ ಇಲ್ಲ.

ನಮ್ಮ ಸಭೆಯ ಒಬ್ಬ ಸಹೋದರಿ, ಹೆಸರು ಬೇಡ, ಕೂಲಿ ಮಾಡ್ತಾರೆ. ಮಗಳ ಶಾಲೆಯ ಪಾಠ ಫೋನಿಗೆ ಬರ್ತದೆ ಅಂತ ಕಂತಿನ ಮೇಲೆ ಒಂದು ಫೋನ್ ತಗೊಂಡರು. ಹನ್ನೆರಡು ಕಂತು. ಏಳನೇ ಕಂತಿಗೆ ಪರದೆ ಕಪ್ಪಾಯ್ತು. ರಿಪೇರಿಗೆ ಕೊಟ್ಟಲ್ಲಿ, ಇದರ ಪರದೆ ಹಾಕಿಸೋ ದುಡ್ಡಿಗೆ ಇನ್ನಷ್ಟು ಸೇರಿಸಿದರೆ ಹೊಸದೇ ಬರ್ತದಮ್ಮ ಅಂದರು. ಉಳಿದ ಐದು ಕಂತು? ಅವು ಕಪ್ಪಾಗಲಿಲ್ಲ, ತಿಂಗಳು ತಿಂಗಳು ಬಂದೇ ಬಂದವು. ಕೆಲಸ ಮಾಡದ ಫೋನಿಗೆ ಆಕೆ ಐದು ತಿಂಗಳು ಬಿಸಿಲಲ್ಲಿ ಬಗ್ಗಿ ದುಡಿದು ಕಟ್ಟಿದರು. ಪ್ರಿಯರೇ, ಪಿಮ್ ಅಂದರೆ ಇದೇ. ಹಳೇ ಒಡಂಬಡಿಕೆಯ ಪದ ಅಂತ ಯಾರೂ ತಿಳಿಯಬೇಡಿ.

ಇದು ನಮ್ಮೂರ ಗೋಳು ಮಾತ್ರ ಅಲ್ಲ. ಯುರೋಪ್ ಒಕ್ಕೂಟ 2023ರಲ್ಲಿ ಬ್ಯಾಟರಿಗಳ ಮೇಲೆ ಕಾನೂನು ಮಾಡಿತು. ಫೋನಿನಂಥ ಸಾಮಾನುಗಳ ಬ್ಯಾಟರಿಯನ್ನು ಬಳಸೋರೇ ತೆಗೆದು ಬೇರೆ ಹಾಕೋ ಹಾಗೆ ಇರಬೇಕು ಅನ್ನೋ ನಿಯಮವನ್ನು 2027ರ ಫೆಬ್ರವರಿಗೆ ಗೊತ್ತು ಮಾಡಿದರು. ನಮ್ಮ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯೂ 2022ರ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕರ ದಿನದಂದು, ರಿಪೇರಿ ಹಕ್ಕಿಗೆ ಅಂತ ಒಂದು ಪೋರ್ಟಲ್ ತೆರೆಯಿತು. ಯಾವ ಕಂಪನಿ ಬಿಡಿಭಾಗ ಕೊಡ್ತದೆ, ಎಲ್ಲಿ ರಿಪೇರಿ ಮಾಡಿಸಬಹುದು ಅಂತ ನೋಡೋಕೆ. ಒಳ್ಳೇದೇ. ಕೆಟ್ಟ ಫೋನಿನಿಂದ ಅದನ್ನು ಹೇಗೆ ನೋಡೋದು ಅಂತ ಮಾತ್ರ ಕೇಳಬೇಡಿ.

ಹಳೇ ಸಾಮಾನಿಗೆ ಹೊಸ ಕೆಲಸ ಕಲಿಸಿದ ಉದಾಹರಣೆಯೂ ಐತಿ. 2022ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕಿನವರು ಬಟನ್ ಫೋನಿನಿಂದಲೇ, ಇಂಟರ್ನೆಟ್ ಇಲ್ಲದೆ, ಹಣ ಕಳಿಸೋ ವ್ಯವಸ್ಥೆ ತಂದರು. ಯುಪಿಐ 123ಪೇ ಅಂತ. ಇದು ನನಗೆ ಬಹಳ ಹಿಡಿಸಿದ ಕೆಲಸ. ಮುಂದೆ ಹೋದವನು ಹಿಂದೆ ತಿರುಗಿ, ನಿಧಾನ ನಡೆಯೋನಿಗೆ ಕೈ ಚಾಚಿದ ಹಾಗೆ. ಎಷ್ಟು ಜನ ಬಳಸ್ತಾ ಇದ್ದೀರಿ? ಕೈ ಎತ್ರಿ. ಒಂದು, ಎರಡು... ಸರಿ, ಕೂಟ ಮುಗಿದ ಮೇಲೆ ಇವರಿಬ್ಬರ ಹತ್ತಿರ ಕಲೀರಿ.

ಹಿರಿಯರೇ, ಹಳೇದು ಸರಳವಾಗಿದ್ದರೆ ತಾನೇ ತಾನಾಗಿ ಉಳಿಯುತ್ತೆ ಅಂತಲೂ ಅನ್ಕೋಬೇಡಿ. ನಮ್ಮ ಡ್ಯಾಮ್ ನೋಡ್ರಿ. 1953ರಲ್ಲಿ ಕಟ್ಟಿ ಮುಗಿಸಿದ್ದು, 33 ಕ್ರೆಸ್ಟ್ ಗೇಟು, ಚೈನ್ ಎಳೆದರೆ ಗೇಟು ಏಳ್ತದೆ. ಕಂಪ್ಯೂಟರ್ ಇಲ್ಲ, ಏನಿಲ್ಲ, ಬಾವಿಯ ಹಗ್ಗದಷ್ಟು ಸರಳ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ಕಡಿಯಿತು, ಗೇಟು ಕೊಚ್ಚಿಹೋಯ್ತು. ಡ್ಯಾಮಿನ ಮೇಲೆ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದರು. ರೈತರು ಕಾಯ್ದಿದ್ದ ನೀರು ಕಣ್ಣೆದುರಿಗೇ ಹರಿದುಹೋಯ್ತು. ಆ ವಾರ ನಾವಿಲ್ಲಿ ಹೇಗೆ ಪ್ರಾರ್ಥನೆ ಮಾಡಿದ್ದೆವು, ನೆನಪಿದೆಯಲ್ಲ? ಎರಡನೇ ಬೆಳೆ ಏನಾಗುತ್ತೋ ಅಂತ ಎಷ್ಟೋ ಮನೆಗಳಲ್ಲಿ ಒಲೆ ಸರಿಯಾಗಿ ಉರಿಯಲಿಲ್ಲ.

ಆಮೇಲೆ ಏನಾಯ್ತು? ವಯಸ್ಸಾದ ಒಬ್ಬ ಎಂಜಿನಿಯರ್, ಕನ್ನಯ್ಯ ನಾಯ್ಡು, ಬಂದು ನಿಂತರು. ಹರಿಯುತ್ತಿರೋ ನೀರಿನಲ್ಲೇ ತಾತ್ಕಾಲಿಕ ಗೇಟನ್ನು ತುಂಡು ತುಂಡಾಗಿ ಇಳಿಸೋದು ಅಂತ ತೀರ್ಮಾನ ಆಯ್ತು. ಆ ಉಕ್ಕಿನ ತುಂಡುಗಳು ಎಲ್ಲಿಂದ ಬಂದವು? ಹಡಗಿನಲ್ಲಿ ಬರಲಿಲ್ಲ. ನಮ್ಮ ಸುತ್ತಮುತ್ತಲ ಕಾರ್ಖಾನೆಗಳಲ್ಲೇ, ಹಗಲು ರಾತ್ರಿ ವೆಲ್ಡಿಂಗ್ ಮಾಡಿ ತಯಾರು ಮಾಡಿದ್ದು. ಆಗಸ್ಟ್ 17ರ ಹೊತ್ತಿಗೆ ಗೇಟು ಮುಚ್ಚಿತು. ಒಂದೇ ವಾರ. ಹರಿದು ಹೋಗಬೇಕಿದ್ದ ನೀರು ನಿಂತಿತು. ದೇವರಿಗೆ ಸ್ತೋತ್ರ. ಕಮ್ಮಾರ ನಮ್ಮ ದೇಶದಲ್ಲೇ ಇದ್ದ! ಅವತ್ತು ಆತ ಫಿಲಿಷ್ಟಿಯರ ಊರಲ್ಲಿ ಇದ್ದಿದ್ದರೆ ನಾವು ತಿಂಗಳುಗಟ್ಟಲೆ ಕಾಯಬೇಕಿತ್ತು.

ಸಂಡೂರಿನ ಬೆಟ್ಟದಲ್ಲಿ ಕಬ್ಬಿಣ ಐತಿ, ದೋಣಿಮಲೈಯಿಂದ ರೈಲು ತುಂಬಿ ತುಂಬಿ ಹೋಗ್ತದೆ. ತೋರಣಗಲ್ಲಲ್ಲಿ ಉಕ್ಕು ಕರಗ್ತದೆ. ಅದಿರು ಇರೋದು ಬೇರೆ, ಸುತ್ತಿಗೆ ಹಿಡಿಯೋ ಕೈ ಇರೋದು ಬೇರೆ. ನೆಬೂಕದ್ನೆಚ್ಚರನು ಯೆರೂಸಲೇಮನ್ನು ಸೂರೆ ಮಾಡಿದಾಗ ರಾಜನನ್ನು, ಸೈನಿಕರನ್ನು ಹಿಡಿದುಕೊಂಡು ಹೋದ. ಅವರ ಜೊತೆ ಇನ್ನೂ ಯಾರನ್ನು ಎಣಿಸಿ ಕರೆದೊಯ್ದ ಅಂತ ಎರಡನೇ ಅರಸುಗಳು 24ರಲ್ಲಿ ಓದ್ರಿ. ಶಿಲ್ಪಿಗಳು, ಕಮ್ಮಾರರು, ಸಾವಿರ ಜನ. ಆ ರಾಜನಿಗೆ ಗೊತ್ತಿತ್ತು, ಒಂದು ಊರನ್ನು ನಿಜವಾಗಿ ಬರಿದು ಮಾಡಬೇಕಾದರೆ ಯಾರನ್ನು ತೆಗೆಯಬೇಕು ಅಂತ.

ನಾವೋ, ನಮ್ಮವರನ್ನು ನಾವೇ ಕಳಿಸ್ತಾ ಇದ್ದೀವಿ. ಸೋಲ್ಡರಿಂಗ್ ಹಿಡಿದು ರಿಪೇರಿ ಕಲಿತ ಹುಡುಗನಿಗೆ ಹೆಣ್ಣು ಕೇಳೋಕೆ ಹೋದರೆ, “ಹುಡುಗ ಏನ್ ಮಾಡ್ತಾನೆ? ಬರೀ ರಿಪೇರಿನಾ?” ಅಂತಾರೆ. ಆ ‘ಬರೀ’ ಅನ್ನೋ ಪದ ಯಾಕೆ? ಅದೇ ಫೋನನ್ನು ಎಸಿ ಅಂಗಡಿಯಲ್ಲಿ ನಿಂತು ಮಾರೋ ಹುಡುಗನಿಗೆ ಮಾತ್ರ ‘ಬರೀ’ ಇಲ್ಲ. ಸತ್ತದ್ದನ್ನು ಎಬ್ಬಿಸೋನಿಗಿಂತ ಹೊಸದನ್ನು ಡಬ್ಬದಿಂದ ತೆಗೆದು ಕೊಡೋನು ಹೇಗೆ ದೊಡ್ಡವನಾದ? ಇಲ್ಲಿರೋ ತಂದೆತಾಯಂದಿರನ್ನು ನೇರವಾಗಿ ಕೇಳ್ತಾ ಇದ್ದೀನಿ. ಬೇಜಾರಾದರೂ ಪರವಾಗಿಲ್ಲ.

ದಾವೀದನ ವಿಷಯ ಹೇಳದೆ ಮುಗಿಸಿದರೆ ಹುಡುಗರು ಬಿಡೋದಿಲ್ಲ. ಸೌಲನು ತನ್ನ ಕವಚ, ಶಿರಸ್ತ್ರಾಣ ತೊಡಿಸಿದ. ದಾವೀದ ನಡೆದು ನೋಡಿದ, ಅಭ್ಯಾಸವಿಲ್ಲ ಅಂತ ತೆಗೆದಿಟ್ಟ. ಹಳ್ಳದಿಂದ ಐದು ಕಲ್ಲು ಆರಿಸಿಕೊಂಡ. ಇದನ್ನು ಹಿಡಿದುಕೊಂಡು, ನೋಡ್ರಿ, ಕವಣೆಯೇ ಸಾಕು, ಕಬ್ಬಿಣ ಬೇಡ ಅಂತ ಪ್ರಸಂಗ ಮಾಡೋರು ಇದ್ದಾರೆ. ಅವರು ಮುಂದೆ ಓದಬೇಕು. ಅದೇ ದಾವೀದ ಆಮೇಲೆ ನೋಬಿನಲ್ಲಿ ಯಾಜಕನ ಹತ್ತಿರ ಗೊಲ್ಯಾತನ ಕತ್ತಿ ಕೇಳಿ ಪಡೆದ, ಅದಕ್ಕೆ ಸಮಾನವಾದದ್ದು ಇಲ್ಲ ಅಂದ. ಕತ್ತಿ ಹಿಡಿಯೋದು ಅಷ್ಟೊತ್ತಿಗೆ ಅವನಿಗೆ ಗೊತ್ತಿತ್ತು. ಮುದುಕನಾದ ಮೇಲೆ ದೇವಾಲಯಕ್ಕೆ ಸಾಮಾನು ಕೂಡಿಸುವಾಗ ಬಾಗಿಲುಗಳ ಮೊಳೆಗಳಿಗೆ, ಪಟ್ಟಿಗಳಿಗೆ ಬೇಕಾದ ಕಬ್ಬಿಣವನ್ನು ರಾಶಿ ರಾಶಿ ತಂದಿಟ್ಟ. ಒಂದನೇ ಪೂರ್ವಕಾಲವೃತ್ತಾಂತ 22. ಯೋಚನೆ ಮಾಡ್ರಿ, ಗುಳ ಹರಿತ ಮಾಡಿಸೋಕೆ ಶತ್ರುವಿನ ಊರಿಗೆ ಹೋಗ್ತಿದ್ದ ಜನ ಒಂದೆರಡು ತಲೆಮಾರಿನಲ್ಲಿ ಮೊಳೆಗಳಿಗೆ ಕಬ್ಬಿಣ ರಾಶಿ ಹಾಕಿದರು. ನಡುವೆ ಯಾರೋ ಕಮ್ಮಾರಿಕೆ ಕಲಿತಿರಬೇಕಲ್ವಾ? ಅವರ ಹೆಸರು ಎಲ್ಲೂ ಬರೆದಿಲ್ಲ.

ಆ ತಮ್ಮನಿಗೆ ಉತ್ತರ. ಅಂಗಡಿಗೆ ಹೋದಾಗ ಕ್ಯಾಮೆರಾ ಎಷ್ಟು ಅಂತ ಕೇಳು, ಬೇಡ ಅನ್ನಲ್ಲ. ಅದರ ಜೊತೆ ಇನ್ನೂ ಕೇಳು: ಬ್ಯಾಟರಿ ಹೋದರೆ ಹೊಸಪೇಟೆಯಲ್ಲಿ ಹಾಕಿ ಕೊಡ್ತಾರಾ? ಪರದೆ ಸಿಗ್ತದಾ, ಎಷ್ಟಕ್ಕೆ? ನಿನ್ನ ಅಮ್ಮ ಇದನ್ನು ನಿನ್ನ ಸಹಾಯ ಇಲ್ಲದೆ ಬಳಸಬಲ್ಲರಾ? ಕಂತು ಮುಗಿಯೋವರೆಗೆ ಇದು ಬದುಕಿರ್ತದಾ? ಅಂಗಡಿಯವನು ಮುಖ ಸಿಂಡರಿಸಿದರೆ ಸಿಂಡರಿಸಲಿ. ಉತ್ತರ ಸರಿಯಿದ್ದರೆ ಸಂತೋಷವಾಗಿ ತಗೋ, ಸರಿಯಿಲ್ಲದಿದ್ದರೆ ಕೈಯಲ್ಲಿರೋದನ್ನೇ ಇನ್ನೊಂದು ವರ್ಷ ನಡೆಸು.

ಒಂದು ಪ್ರಕಟಣೆ. ಬರೋ ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮ ಇಬ್ಬರು ಸಹೋದರರು ಸಾಧನಗಳ ಸಮೇತ ಹಿಂದಿನ ಹಾಲಿನಲ್ಲಿ ಕೂರ್ತಾರೆ. ಮನೆಯಲ್ಲಿ ಕೆಟ್ಟು ಬಿದ್ದಿರೋ ಫೋನು, ಮಿಕ್ಸಿ, ರೇಡಿಯೋ, ಚಾರ್ಜರ್ ಏನಿದ್ದರೂ ತನ್ನಿ. ಬಿಡಿಭಾಗದ ದುಡ್ಡು ನೀವು ಕೊಡಬೇಕು, ಕೂಲಿ ಬೇಡ ಅಂದಿದ್ದಾರೆ. ಆದರೆ ನಾನು ಹೇಳ್ತೀನಿ, ಕೂಲಿಯನ್ನೂ ಕೊಡ್ರಿ. ಹತ್ತು ವರ್ಷ ದಾಟಿದ ಗಂಡು ಹೆಣ್ಣು ಮಕ್ಕಳು ಪಕ್ಕದಲ್ಲಿ ಕೂತು ನೋಡಲಿ, ಸ್ಕ್ರೂ ಬಿಚ್ಚೋದನ್ನಾದರೂ ಕಲಿಯಲಿ. ಗ್ರೈಂಡರ್ ತರೋರು ಮೊದಲು ಹಿಟ್ಟು ತೊಳೆದು ತನ್ನಿ.

ಎದ್ದು ನಿಲ್ಲೋಣ, ಪ್ರಾರ್ಥನೆ ಮಾಡೋಣ.